ನಂಗು

ದಂಡು ಸ್ಟೇಷನ್ನಿನ ಹಳದಿ ಹಲಗೆಯಲ್ಲಿ
ಊರಿನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ
ಸಮುದ್ರ ಮಟ್ಟದಿಂದ ಇಷ್ಟು ಮೀಟರು ಎಂದಿದೆ.
ಈ ಊರಲ್ಲಿ ಸಮುದ್ರದ ಮಾತೆತ್ತುವುದು
ಅದೊಂದು ಹಲಗೆ,
ಬಿಟ್ಟರೆ ಶಿವಾಜಿನಗರದ ಮೀನಿನ ಸಾಲು.

ನಸುಕಿಗೆ ಮಲ್ಪೆಯ ಲಾರಿ ಬಂದು
ಥರ್ಮಾಕೋಲ್ ಪೆಟ್ಟಿಗೆ ಇಳಿಸುತ್ತದೆ.
ಅಂಜಲ್‌ಗೆ, ಪಾಂಫ್ರೆಟ್ಟಿಗೆ ಮೇಲಿನ ಹಾಸು, ಹೊಸ ಐಸು;
ನಂಗು ತಳದಲ್ಲಿ.
ಅಲ್ಲೂ ತಳದಲ್ಲೇ ಇದ್ದದ್ದು.
ಗೇಣುದ್ದ, ಕಂದು, ತೆಳ್ಳಗೆ,
ಮಾತಿನ ನಡುವೆ ಯಾರೋ ಮರೆತು ಬಿಟ್ಟುಹೋದ ನಾಲಿಗೆ.

ನಾಕ್ಕು ಮೀನು ಅನ್ನುತ್ತಾಳೆ ಎಸ್ತರಮ್ಮ.
ಕಾರವಾರದವರು ಬಂದರೆ ಲೆಪ್,
ತಲಶ್ಶೇರಿಯ ನರ್ಸಮ್ಮನಿಗೆ ಮಾಂದಳ್,
ನನಗೆ ನಂಗು.
ಯಾರು ಹೇಗೆ ಕೇಳಿದರೂ ಕೊಡುವುದು ಅದೇ ಬುಟ್ಟಿಯಿಂದ,
ರೇಟು ಮಾತ್ರ ಭಾಷೆಗೊಂದು.

ಮಗಳು ಮೊದಲ ಸಲ ಬಂದ ದಿನ
ನಂಗು ಕೊಡಿ ಎಂದೆ ನಾನು.
ನಿಂಗೆ ಮಾತ್ರಾನಾ, ನಂಗೂ ಬೇಕು ಎಂದು ನಕ್ಕಳು.
ಆಮೇಲೆ ಬಗ್ಗಿ ನೋಡಿ ನಗು ನಿಂತಿತು:
ಎರಡು ಕಣ್ಣೂ ಒಂದೇ ಕಡೆ.
ಮಗುಚಿದರೆ ಆ ಮಗ್ಗುಲು ಬರೀ ಬಿಳಿ.

ಹುಟ್ಟುವಾಗ ಆ ಕಡೆ ಒಂದು, ಈ ಕಡೆ ಒಂದು
ಎಲ್ಲ ಮೀನಿನ ಹಾಗೇ ಇತ್ತು ಪಾಪು,
ಎಂದಳು ಎಸ್ತರಮ್ಮ, ತಲೆಯ ಹತ್ತಿರ ಚೂರು ಗೀರಿ.
ಆಮೇಲೆ ಮರಳಲ್ಲಿ ಮಲಗ್ತು.
ಕೆಳಗಿನ ಕಣ್ಣಿಗೆ ಏನು ಕಾಣಬೇಕು ಹೇಳು?
ಮೆಲ್ಲಗೆ ನಡಕೊಂಡು ಮೇಲಕ್ಕೆ ಬಂತು.

ನೋವಾಗಲಿಲ್ವಾ?

ಉತ್ತರವಿಲ್ಲ. ಬೂದಿ ಮುಟ್ಟಿದ ಬೆರಳಲ್ಲಿ
ಚರ್ಮದ ತುದಿ ಹಿಡಿದು ಒಂದೇ ಎಳೆತ,
ಕಾಲುಚೀಲ ಕಳಚಿದಂತೆ.

ಮಣೆಯ ಮೇಲೆ ಕೂತು ಮೂವತ್ತು ವರ್ಷ
ಅವಳು ಕಂಡದ್ದೂ ಕೆಳಗಿನಿಂದಲೇ:
ಗಲ್ಲಗಳು, ಚೀಲಗಳ ತಳ,
ಚೌಕಾಸಿ ಮಾಡುವ ಮೂಗಿನ ಹೊಳ್ಳೆ,
ತಗಡಿನ ತೂತಲ್ಲಿ ರೂಪಾಯಿಯಷ್ಟು ಆಕಾಶ.

ಸೋಮವಾರ ಶಾಲೆಯಲ್ಲಿ ಮಗಳು ಮೀನು ಬರೆದಳು.
ಎರಡನೆಯ ಕಣ್ಣಿಗೆ ಮಿಸ್ಸು ಕೆಂಪಲ್ಲಿ ಸುತ್ತು ಹಾಕಿ
ಒಂದೇ ಸಾಕು ಎಂದು ಬರೆದಿದ್ದರು.
ಅಳಿಸಿರಲಿಲ್ಲ ಅವಳು.
ರಬ್ಬರು ಕಳೆದಿದೆ ಎಂದಳು. ಪೆಟ್ಟಿಗೆಯಲ್ಲೇ ಇತ್ತು.

ಮುಂದಿನ ಭಾನುವಾರ ಹಾಳೆ ಮಡಚಿ ತಂದು
ಮಣೆಯ ಮುಂದೆ ಬಿಚ್ಚಿದಳು.
ಎಸ್ತರಮ್ಮ ಕೈ ಒರೆಸಿಕೊಂಡು, ಆದರೂ ಮುಟ್ಟದೆ,
ತಲೆ ಓರೆ ಮಾಡಿ ತುಂಬ ಹೊತ್ತು ನೋಡಿದಳು.
ಹಿಂದೆ ಯಾರೋ ಸೀಗಡಿ ಎಷ್ಟು, ಸೀಗಡಿ ಎಷ್ಟು ಎಂದು ಕೂಗುತ್ತಿದ್ದರು.
ಕೆಂಪು ಸುತ್ತಿಗೆ ಗಲ್ಲ ಚಾಚಿ ಕೇಳಿದಳು:
ಇದೇನು, ಬಲೆಯಾ?

ಆಮೇಲೆ,
ನಂಗೂ ಒಂದು ಬರ್ಕೊಡು.