ಕೈ ಎಣಿಸಿದವನು

ಕಾರೆಮರದಹುಂಡಿಯ ಶಾಲೆಯ ಬಯಲಲ್ಲಿ
ಶಾಮಿಯಾನ ಅರ್ಧ ಊರಿಗಷ್ಟೇ ನೆರಳು ಕೊಟ್ಟಿತ್ತು.
ಇನ್ನರ್ಧ ಬಿಸಿಲಲ್ಲಿ ಹೆಂಗಸರು.
ಪಿಡಿಒ ಮೇಡಂ ಕನ್ನಡಕ ಒರೆಸಿಕೊಂಡು ಒಂದೇ ಉಸಿರಿಗೆ ಓದಿದರು:
"ಗ್ರಾಮವನ್ನು ಮೈಸೂರು ನಗರಕ್ಕೆ ಸೇರಿಸಕೂಡದೆಂಬ
ಹಿಂದಿನ ನಿರ್ಣಯವನ್ನು ಕೈಬಿಡುವ ಬಗ್ಗೆ
ಆಕ್ಷೇಪಣೆ ಇಲ್ಲದವರು
ಕೈ ಎತ್ತತಕ್ಕದ್ದು."

ಶಾಮಿಯಾನ ಒಮ್ಮೆ ಉಬ್ಬಿ ಇಳಿಯಿತು.
ಕೆಂಪಾಜಮ್ಮ ಕೇಳಿದಳು:
"ಅವ್ವಾ, ಕೈ ಎತ್ತುದ್ರೆ ಊಂ ಅಂತಲೋ, ಊಹೂಂ ಅಂತಲೋ?"
ಮೇಡಂ ಮತ್ತೆ ಓದಿದರು, ನಿಧಾನವಾಗಿ, ಕಿವುಡರಿಗೆ ಓದುವ ಹಾಗೆ.
ನಿಧಾನವಾದಷ್ಟೂ ಅದು ಗೋಜಲಾಯಿತು.
ಹುಡುಗನೊಬ್ಬ ಬೆರಳು ಮಡಿಸಿದ:
"ಕೂಡದು, ಕೈಬಿಡು, ಇಲ್ಲ. ಮೂರು ಇಲ್ಲ.
ಮೂರು ಇಲ್ಲ ಅಂದ್ರೆ ಇಲ್ಲ."
"ಆಕ್ಷೇಪಣೇನೂ ಒಂದು ಇಲ್ಲವೇ ಕಣೋ, ನಾಕಾಯ್ತು,
ನಾಕಂದ್ರೆ ಹೌದು" ಎಂದರು ನಂಜಾರಾಧ್ಯ ಮೇಷ್ಟ್ರು.
ಅಷ್ಟರಲ್ಲಿ ಹುಡುಗನ ಮಾತು ಹಿಂದಿನ ಸಾಲು ಮುಟ್ಟಿತ್ತು.
ಮೇಷ್ಟ್ರು ಮೈಕಿಗೆ ದೂರವಿದ್ದರು.

ನಾನು ಬಿಲ್ ಕಲೆಕ್ಟರ್. ಎಣಿಸುವುದು ನನ್ನ ಪಾಲಿಗೆ ಬಂತು.
ಇಪ್ಪತ್ತೆರಡು ವರ್ಷ ಈ ಊರಿನ ಬಾಗಿಲು ತಟ್ಟಿದ್ದೇನೆ,
ಯಾರ ನಲ್ಲಿ ಸೋರುತ್ತದೆ, ಯಾರ ಮೀಟರು ಮಲಗಿದೆ,
ನನ್ನ ಸೈಕಲ್ ಬೆಲ್ಲಿಗೆ ಯಾರು ಹಿತ್ತಿಲಿಗೆ ಹೋಗುತ್ತಾರೆ, ಬಲ್ಲೆ.
ಕೈಯೊಂದು ಮೇಲೇಳುವ ಮೊದಲು ಏನು ಮಾಡುತ್ತದೆ ಅಂತ
ನೋಡಿದ್ದು ಮಾತ್ರ ಅವತ್ತೇ.

ರಾಚಶೆಟ್ಟಿಯದು ನೆಟ್ಟಗೆ ಎದ್ದಿತು:
ನಾಕೂವರೆ ಗುಂಟೆ, ರಿಂಗ್ ರೋಡಿಗೆ ಮುಖ.
ಅವನ ತಮ್ಮ ಎತ್ತಲಿಲ್ಲ. ಅಣ್ಣ ಎತ್ತಿದ್ದಾನೆ, ಅಷ್ಟೇ.
ಮಟನ್ ಅಂಗಡಿ ನಸರುಲ್ಲಾ ಒಳಗೇ ಗುಣಿಸುತ್ತಿದ್ದ:
ಸಿಟಿಯಾದರೆ ಲೈಸೆನ್ಸು, ಟೈಲ್ಸು, ಗಾಜಿನ ಬಾಗಿಲು,
ಆಗದಿದ್ದರೆ ಇದೇ ನೊಣ, ಇದೇ ಗಿರಾಕಿ.
ಎದೆಯವರೆಗೆ ಬಂದ ಕೈ
ಜೇಬಿನ ಪೆನ್ನು ಸರಿಮಾಡಿ ಇಳಿಯಿತು.
ಉದ್ಯೋಗ ಖಾತ್ರಿಯ ಹದಿನಾಲ್ಕು ಹೆಂಗಸರು
ಸೆರಗಿನಡಿ ಜಾಬ್ ಕಾರ್ಡು ಅವುಚಿ ಕೂತಿದ್ದರು.
ಪಟ್ಟಣ ಸೇರಿದರೆ ಇದು ಬರೀ ರಟ್ಟು ಅಂತ
ಹಿಂದಿನ ರಾತ್ರಿ ಯಾರೋ ಹೇಳಿಹೋಗಿದ್ದ.
ನಿಜವೇ ಇರಬಹುದು. ಹೇಳಿದವನ ಮನಸ್ಸಲ್ಲಿ ಬೇರೆಯದಿತ್ತು.
ಶಿವಬಸಮ್ಮ ಎತ್ತಿದ್ದು ಮಗಳ ಲಗ್ನಪತ್ರಿಕೆಗಾಗಿ:
"ವಿಳಾಸದಾಗೆ ಹುಂಡಿ ಅಂದ್ರೆ ಗಂಡಿನೋರು ಮೂಗು ಮುರೀತಾರೆ ಕಣಣ್ಣ,
ಮೈಸೂರು ಅಂತ ಇರ್ಲಿ."
ಸುತ್ತೋಲೆ ಪೂರಾ ಓದಿದ್ದವರು ಮೇಷ್ಟ್ರೊಬ್ಬರೇ.
ಲಾಭ ಒಂದು ಕಡೆ, ನಷ್ಟ ಒಂದು ಕಡೆ, ಹಾಳೆ ತುಂಬ ಬರೆದು ತಂದಿದ್ದರು.
ಎಣಿಕೆ ಮುಗಿದಾಗಲೂ
ಎರಡನೇ ಪುಟದಲ್ಲಿದ್ದರು.

ಆಮೇಲೆ ಬಿಸಿಲಿನ ಕಡೆಗೆ ಬಂದೆ.
ಅಲ್ಲಿ ಕೈಗಳೆಲ್ಲ ಹಣೆಯ ಮೇಲಿದ್ದವು.
ಕೆಂಪಾಜಮ್ಮನ ಮುಂದೆ ನನ್ನ ಬೆರಳು ನಿಂತಿತು:
ಇದು ಹೌದೋ,
ಇಲ್ಲ ಕಣ್ಣಿಗೆ ಅಡ್ಡ ಹಿಡಿದ ನೆರಳೋ?
ಕೇಳಬಹುದಿತ್ತು. ಮೇಡಂ ಗಡಿಯಾರ ನೋಡುತ್ತಿದ್ದರು.
ಊರು ನಗರವಾದರೆ ನನ್ನ ರಸೀದಿ ಪುಸ್ತಕ ಮುಗಿದ ಹಾಗೆ,
ಅದೂ ಆಗ ನೆನಪಾಯಿತು.
ಎಣಿಸುವವನಿಗೆ ಎತ್ತಲು ಕೈ ಇಲ್ಲ ಅಂದುಕೊಂಡಿದ್ದೆ.
ಇತ್ತು. ತೋರುಬೆರಳು.

ಎತ್ತಿದವರು ನೂರ ನಲವತ್ತೊಂದು.
ಎತ್ತದವರು ನೂರ ಮೂವತ್ತೆಂಟು,
ತೂಕಡಿಸುತ್ತಿದ್ದ ಇಬ್ಬರೂ ಸೇರಿ.
ನಡಾವಳಿ ಪುಸ್ತಕದಲ್ಲಿ ದುಂಡಗೆ ಬರೆದೆ.
ಮಸಿ ಆರಲಿ ಅಂತ ಊದಿದೆ.

ಸಂಜೆ ಬೆಟ್ಟದ ಮೇಲೆ ದೀಪ ಹತ್ತಿದಾಗ
ಕೆಂಪಾಜಮ್ಮ ಮೇಕೆ ಹೊಡೆದುಕೊಂಡು ಎದುರಾದಳು.
"ಏನಪ್ಪಾ, ನಾನು ಯಾವ ಕಡೆಗೆ ಬಿದ್ದೆ?"
ಹೇಳಲು ಬಾಯಿ ತೆರೆದೆ.
ಒಂದು ಮೇಕೆ ಅಷ್ಟರಲ್ಲಿ
ನಗರದ ಕಡೆಯ ರಸ್ತೆಗೆ ಇಳಿಯಿತು,
ಅವಳು ಅದರ ಹಿಂದೆ ಓಡಿದಳು.