ಏಳೂವರೆ ಇಂಚು

ಮಿಂಕಿನ ಚರ್ಮ ಅಂಗೈಯಗಲ, ಒಂದೂವರೆ ಮೊಳ ಉದ್ದ.
ಅದು ಉಟ್ಟವಳ ಮೊಣಕಾಲು ದಾಟಬೇಕು.
ಹೇಗೆ? ಅಂದಿದ್ದೆ, ಹದಿನೇಳರಲ್ಲಿ.
ಸ್ಟೆರ್ಗಿಯೋಸ್ ಮಾವ ಬಾಯಲ್ಲಿ ಮೊಳೆ ಕಚ್ಚಿಕೊಂಡೇ
ಚರ್ಮ ಬೋರಲು ಹಾಕಿ ಓರೆಯಾಗಿ ಸೀಳಿದ,
ಬೆರಳಿಗಿಂತ ಸಣ್ಣ ಪಟ್ಟಿ, ಪಟ್ಟಿಗೆ ಪಟ್ಟಿ
ಒಂದಿಷ್ಟು ಕೆಳಗೆ ಜಾರಿಸಿ ಮತ್ತೆ ಹೊಲಿದ.
ಅಗಲ ಕರಗಿ ಉದ್ದವಾಯಿತು.
ಮಗುಚಿದರೆ ರೋಮದ ಮೇಲೆ ಹೊಲಿಗೆಯ ಸುಳಿವಿಲ್ಲ.
"ಹೊಸದೇನೂ ಸೇರಿಸಿಲ್ಲ ನೋಡು," ಅಂದ,
"ಇದ್ದದ್ದಕ್ಕೇ ಮೈಮುರಿಯಲು ಹೇಳಿಕೊಟ್ಟೆ."

ಅದೇ ಬ್ಲೇಡು, ಅದೇ ಓರೆ, ರಾತ್ರಿ ಹೊತ್ತು
ಅಡುಗೆಮನೆಯ ಮೇಜಿನ ಮೇಲೆ, ಟೇಪಿಗೆ.
ಮಾಂಟ್ರಿಯಲ್, ಎಪ್ಪತ್ತೆಂಟರ ಜನವರಿ;
ಕಿಟಕಿಗೆ ಒಳಗಿನಿಂದಲೇ ಹಿಮ ಕಟ್ಟಿತ್ತು.
ರೇಡಿಯೋ ಸ್ಟೇಷನ್ನಿನವರು ಎಸೆದ ಯಂತ್ರ
ಸೆಕೆಂಡಿಗೆ ಹದಿನೈದು ಇಂಚು ನುಂಗುತ್ತಿತ್ತು,
ಅಂದರೆ ಒಂದು ಪೆಟ್ಟಿಗೆ ಏಳೂವರೆ.
ದರ್ಜಿಯ ಪಟ್ಟಿ ಹಿಡಿದು ಅಳೆದೆ ಹಾಡನ್ನು.
ಮೂರು ನಿಮಿಷದ್ದು. ಪ್ರೇಮ, ವಿರಹ, ಮತ್ತೆ ಪ್ರೇಮ,
ಕೊನೆಯ ಬಸ್ಸಿಗೆ ಓಡುವವರ ಹಾಗೆ.
ನನಗೆ ಬೇಕಿದ್ದದ್ದು ನಡುವಿನ ಒಂದೇ ಗಳಿಗೆ:
ಪಿಟೀಲುಗಳೆಲ್ಲ ಹಿಂದೆ ಸರಿದು
ಡೋಲು, ಬಾಸು ಎರಡೇ ಉಳಿದು
ಹಾಡುವವಳು ಶುರುಮಾಡುವ ಮೊದಲು
ಉಸಿರೆಳೆದುಕೊಳ್ಳುವ ಸದ್ದು.
ಪ್ರತಿ ಮಾಡಿ, ಸೀಳಿ, ಅಂಟಿಸಿ
ಆ ಉಸಿರನ್ನು ಹತ್ತು ಸಲ ಎಳೆಸಿದೆ.
ಮಾತು ಕೊಡಲಿಲ್ಲ.

ವಿಲ್ನೆರ್, ಹಗಲು ಟ್ಯಾಕ್ಸಿ, ರಾತ್ರಿ ಪರಾಸೋಲ್ ಕ್ಲಬ್ಬಿನ
ಗಾಜಿನ ಗೂಡಿಗೆ ಯಜಮಾನ,
ಹಾಡಿದವರ ದನಿ ಮುಟ್ಟಬಾರದೆನ್ನುವ ಮಡಿವಂತ.
ಬಿಸ್ಕತ್ತಿನ ಡಬ್ಬಿಯಲ್ಲಿ ಅವನದೊಂದು ಸುರುಳಿ ನನಗೆ,
ನನ್ನದೊಂದು ಅವನಿಗೆ; ಬೆಳಗಿನ ನಾಲ್ಕಕ್ಕೆ
ಬೇಗಲ್ ಒಲೆಯ ಮುಂದೆ ಕೈ ಕಾಯಿಸುತ್ತ
ಕೊಡುವುದು, ಕೊಳ್ಳುವುದು, ಬೈಯುವುದು:
"ಪೋರ್ಟೋಪ್ರಿನ್ಸಿನ ನಮ್ಮಜ್ಜಿ
ಕೋಳಿಯನ್ನೂ ಇಷ್ಟು ತುಂಡು ಮಾಡುತ್ತಿರಲಿಲ್ಲ."

ಬೈದರೂ ಹಾಕಿದ. ಐದನೇ ನಿಮಿಷ.
ನಾಲ್ಕು ಪೆಟ್ಟಿರಬೇಕಾದಲ್ಲಿ ಮೂರು.
ಕತ್ತಲಲ್ಲಿ ಇಳಿಯುವಾಗ
ಒಂದು ಮೆಟ್ಟಿಲು ಮೊದಲೇ ನೆಲ ಬಂದುಬಿಟ್ಟ ಹಾಗೆ
ಇನ್ನೂರು ಜನ ಒಟ್ಟಿಗೆ ಎಡವಿದರು.
ಕನ್ನಡಿ ಗೋಳದ ಚುಕ್ಕಿಗಳು ಮಾತ್ರ
ತಮ್ಮ ಪಾಡಿಗೆ ಗೋಡೆ ಸುತ್ತುತ್ತಿದ್ದವು.
ಆಮೇಲೆ ಯಾರೋ ಕೂಗಿದರು. ಏನೆಂದು ಕೇಳಲು ನಿಲ್ಲಲಿಲ್ಲ;
ಕೋಟುಗಳ ಕೋಣೆಯಲ್ಲಿ ಅಡಗಿದೆ,
ನಾನೇ ಹೊಲಿದಿದ್ದ ಎರಡು ಮಿಂಕುಗಳ ನಡುವೆ.

ಸೋಮವಾರ ಮಾವ ನನ್ನ ಉಣ್ಣೆಯ ತೋಳಿನಿಂದ
ಕಂದು ತುಂಡೊಂದನ್ನು ಕಿತ್ತು ಬೆಳಕಿಗೆ ಹಿಡಿದ:
"ಇದು ಯಾವ ಪ್ರಾಣಿಯದು?"
ಅಳೆದೆ. ಏಳೂವರೆ.

ಸರಿಮಾಡಿ ಕೊಡುತ್ತೇನೆ ಅಂದರೆ
ವಿಲ್ನೆರ್ ಡಬ್ಬಿಯನ್ನೇ ಕೊಡಲೊಲ್ಲ.
"ಅದನ್ನೇ ಕೇಳ್ತಾರೆ ಮಾರಾಯ್ತಿ, ಆ ಎಡವೋ ಹಾಡು."
ಪ್ರತಿ ಮಾಡಿ ಗಿಲೇನ್‌ಗೆ ಕೊಟ್ಟಿದ್ದಾನೆ, ಅವಳು
ತಮ್ಮನಿಗೆ, ಅವನು ಯಾರಿಗೋ, ಅವರು ಇನ್ಯಾರಿಗೋ.
ಡಬ್ಬಿಯಿಂದ ಡಬ್ಬಿಗೆ ಹಾಡಿನ ಹೆಸರು ಬದಲಾಗಿದೆ;
ನನ್ನದಂತೂ ಯಾವುದರ ಮೇಲೂ ಇರಲಿಲ್ಲ.

ಮಾರ್ಚಿನಲ್ಲಿ ನದಿಯಾಚೆ, ಲಾಂಗೈನಲ್ಲಿ,
ಬೌಲಿಂಗ್ ಅಂಗಳದ ಕೆಳಗೊಂದು ನೆಲಮಾಳಿಗೆ.
ಗುರುತಿನವರು ಒಬ್ಬರೂ ಇಲ್ಲ. ಕೆಸರು ಬೂಟು ಕಳಚುತ್ತಿದ್ದೆ,
ಉಸಿರು ಕೇಳಿಸಿತು.
ನನ್ನದು. ಅಂದರೆ, ಅವಳದು.
ಒಂದೇ ಬೂಟಿನಲ್ಲಿ ಒಳಗೆ ಓಡಿದೆ.
ಐದನೇ ನಿಮಿಷ ಬಂತು,
ಯಾರೂ ಎಡವಲಿಲ್ಲ.
ಇಡೀ ಮಾಳಿಗೆ ಪುಟ್ಟದೊಂದು ಕುಪ್ಪಳಿಕೆಯಲ್ಲಿ ಕಾಲು ಬದಲಿಸಿ
ಏನೂ ಆಗಿಲ್ಲವೆಂಬಂತೆ ಮುಂದೆ ಹೋಯಿತು.
ತಪ್ಪಿದವಳು ನಾನೊಬ್ಬಳೇ.

ಪಕ್ಕದ ಹುಡುಗ, ಮೀಸೆ ಇನ್ನೂ ಮೊಳೆಯದವನು,
ನನ್ನ ಮೊಣಕೈ ಹಿಡಿದು ಕನಿಕರದಿಂದ ಹೇಳಿದ:
"ಹಾಗಲ್ಲ ಅಕ್ಕಾ, ಇಲ್ಲಿ ಜಿಗೀಬೇಕು.
ಇದು ಹೀಗೇ ಇರೋದು."

ಜಿಗಿದೆ. ಎರಡನೇ ಸಲಕ್ಕೆ ಬಂತು.

ಆ ತುಂಡು ಇನ್ನೂ ಇದೆ, ಸೂಜಿಡಬ್ಬಿಯಲ್ಲಿ,
ಅರ್ಧ ಸೆಕೆಂಡು, ಸುರುಳಿ ಸುತ್ತಿಕೊಂಡು.
ಅದರಲ್ಲಿ ಡೋಲಿದೆಯೋ ಉಸಿರಿದೆಯೋ
ಇವತ್ತಿಗೂ ಹಾಕಿ ಕೇಳಿಲ್ಲ.