ಬಾಯಾರಿನಲ್ಲಿ ದಂಗೆ

ರಾತ್ರಿ ಹತ್ತರ ಮೇಲೆ ನಾನು ದೊರೆ.
ಹಗಲು ಉಪ್ಪಳದ ಗೇಟಿನ ಪಕ್ಕ, ಮಹಡಿಯ ಮೇಲೆ
ಅರ್ಜಿ ತುಂಬಿಕೊಡುವ ಅಂಗಡಿ. ಟೋಕನ್ನು, ಸರ್ವರು, ಪ್ರಿಂಟರಿನ ಕೆಮ್ಮು.
ಶಟರು ಎಳೆದ ಮೇಲೆ ಅದೇ ಪರದೆಯಲ್ಲಿ
ಹನ್ನೊಂದು ಸೀಮೆ, ಮೂರು ಸೈನ್ಯ, ಮುದಿಯಾದೊಂದು ಡ್ರ್ಯಾಗನ್ನು.

ಊರಿಗೆ ಹೆಸರಿಡುವ ಹಕ್ಕು ಗೆದ್ದವನಿಗೆ.
ನಾನು ಬಸ್ಸಿನ ಬೋರ್ಡು ನೋಡಿ ಇಟ್ಟೆ:
ಮೊಗ್ರಾಲು, ಬಂದ್ಯೋಡು, ಪೆರ್ಲ,
ಗಡಿಯ ಕೊನೆಯ ಕಲ್ಲುಕೋಟೆಗೆ ಬಾಯಾರು.
ಅಲ್ಲಿರುವುದು ಬೇರುಜನ. ಮೈಯೆಲ್ಲ ತೊಗಟೆ,
ಮಾತಾಡಿದರೆ ತೆಂಗಿನ ಮಡಲು ಅಂಗಳದಲ್ಲಿ ಎಳೆದ ಸದ್ದು.

ಪ್ರತಿ ಊರಿನ ನೆತ್ತಿಯ ಮೇಲೊಂದು ಅಂಕಿ.
ನೂರಾದರೆ ಹಬ್ಬ, ಸೊನ್ನೆಯ ಕೆಳಗಿಳಿದರೆ ಹೊಗೆ.
ಬಾಯಾರಿನದು ಯಾವತ್ತೂ ಕೆಳಗೇ.
ತೆರಿಗೆ ಬಿಟ್ಟೆ. ಎರಡು ಏರಿತು, ಮೂರು ಇಳಿಯಿತು.
ಛತ್ರ ಕಟ್ಟಿಸಿದೆ, ಸುಟ್ಟರು.
ಕೊತ್ವಾಲನನ್ನು ಬದಲಿಸಿದೆ;
ಹೊಸಬ ಹಳಬನ ಮೀಸೆಯನ್ನೇ ಅಂಟಿಸಿಕೊಂಡು ಬಂದ.
ಡ್ರ್ಯಾಗನ್ನನ್ನು ಕೋಟೆಯ ಮೇಲೆ ಕೂರಿಸಿದೆ.
ಅದು ಕೂತಷ್ಟು ದಿನ ಶಾಂತಿ.
ಎದ್ದು ಹಾರಿದ ಮರುದಿನ
ಮತ್ತೆ ಗೋಡೆಯ ಸಂದಿಯಲ್ಲಿ ಚಿಗುರು.

ಕೆಳಗಿನ ಮೊಬೈಲಂಗಡಿಯ ಜುನೈದ್ ನಕ್ಕ:
"ನೀವು ತಡೀಲಿಕ್ಕೆ ಹೋಗುದೇ ತಪ್ಪು ಮಾಷೇ.
ಏಳ್ಲಿಕ್ಕೆ ಬಿಡಿ. ಪೂರ್ತಿ ಏಳ್ಲಿ.
ಹೊರಗೆ ಬಂದು ಬಯಲಲ್ಲಿ ನಿಲ್ತಾರಲ್ಲ, ಆಗ ಕೊಯ್ದುಬಿಡಿ.
ಸೈನ್ಯಕ್ಕೆ ಅನುಭವ, ಖಜಾನೆಗೆ ಕೊಳ್ಳೆ,
ಊರು ಹತ್ತು ಸರದಿ ತಣ್ಣಗೆ."

ಏಣಿಲು, ಸುಗ್ಗಿ, ಕೊಳಕೆ:
ನನ್ನಜ್ಜ ಮೂರು ಬೆಳೆ ತೆಗೆದವನು.
ನಾನು ನಾಲ್ಕನೆಯದು ಕಲಿತೆ.
ನೀರು ಕಟ್ಟಿದೆ, ಅಂದರೆ ತೆರಿಗೆ ಏರಿಸಿದೆ.
ಗೊಬ್ಬರ ಹಾಕಿದೆ, ಅಂದರೆ ಕಾವಲು ತೆಗೆದೆ.
ತೆನೆ ಹಾಲು ತುಂಬಿ ಬಲಿಯುವವರೆಗೆ ಕಾದೆ.
ಏಳು ಸಲ ಕೊಯ್ದೆ.
ಏಳನೆಯ ಸಲಕ್ಕೆ ದಳಪತಿಗಳ ಹೆಗಲ ಮೇಲೆ
ಚಿನ್ನದ ಪಟ್ಟಿ; ನನಗೆ ಒಳ್ಳೆಯ ನಿದ್ದೆ.

ನಿನ್ನೆ ಹಗಲು, ಟೋಕನ್ ಮೂವತ್ತೊಂದು,
ದೂಮಪ್ಪಣ್ಣ. ನಿಜದ ಬಾಯಾರಿನವರು.
ಪಿಂಚಣಿಯ ಕಾಗದ ಮೇಜಿನ ಮೇಲೆ ಬಿಡಿಸಿ,
ದುಂಡುದುಂಡಗಿನ ಮಲಯಾಳ ಅಕ್ಷರಗಳ ಮೇಲೆ
ಇರುವೆ ಓಡಿಸುವವರ ಹಾಗೆ ಬೆರಳಾಡಿಸಿ
"ಇದ್ರಲ್ಲಿ ನನ್ನ ಹೆಸ್ರು ಎಲ್ಲುಂಟು?" ಎಂದರು.
ತೋರಿಸಿದೆ.
ತುಂಬ ಹೊತ್ತು ನೋಡಿದರು,
ಗುರುತಿಲ್ಲದವನಿಗೆ ನಮಸ್ಕಾರ ಹೇಳುವುದೋ ಬೇಡವೋ ಎಂಬಂತೆ.
ಪಕ್ಕದ ಮೇಜಿನ ಶೈಜ, ಪಯ್ಯನ್ನೂರಿನವಳು,
ಎದ್ದು ಬಂದು ಆ ಗೆರೆಯ ಕೆಳಗೆ ಪೆನ್ಸಿಲಿನಲ್ಲಿ,
ನನ್ನಿಂದ ಕಲಿತ ಸೊಟ್ಟ ಕನ್ನಡದಲ್ಲಿ ಬರೆದಳು: ದುಮಪ.
ದೂಮಪ್ಪಣ್ಣ ಪೆನ್ಸಿಲು ಇಸಕೊಂಡು
ಕೊಂಬು ಎಳೆದರು. ಪಕಾರಕ್ಕೆ ಒತ್ತು ಕೊಟ್ಟರು.

ರಾತ್ರಿ ಮೊದಲ ಬಾರಿಗೆ
ಆ ಅಂಕಿಯ ಮೇಲೆ ಬಾಣದ ತುದಿ ಇಟ್ಟು ಸುಮ್ಮನೆ ಕಾದೆ.
ಚೀಟಿ ಬಿಚ್ಚಿಕೊಂಡಿತು. ಅದರಲ್ಲಿ ಲೆಕ್ಕ:
ತೆರಿಗೆ, ಮೈನಸ್ ಒಂದು. ಹಸಿವು, ಸೊನ್ನೆ.
ಆಳುವವರ ಮಾತು ಬೇರೆ, ಮೈನಸ್ ನಾಲ್ಕು.
ಇಷ್ಟು ದಿನ ಅದು ಅಲ್ಲೇ ಇತ್ತು.
ಹಗಲು ಆ ನಾಲ್ಕನ್ನು ಉಂಡವನು ನಾನು,
ರಾತ್ರಿ ಬಡಿಸಿದವನೂ.

ಎಂಟನೆಯ ಬೆಳೆ ಬಯಲಲ್ಲಿ ನಿಂತಿದೆ.
ಅವರ ನಾಯಕಿಗೆ ಯಂತ್ರ ಕೊಟ್ಟ ಹೆಸರು
ನನ್ನ ನಾಲಗೆಗೆ ಹೊರಳುವುದಿಲ್ಲ; ಮೂರು ಸಲ ಹೇಳಿ ನೋಡಿದೆ.
ಎದುರಿಗೆ ಮೂರೇ ಗುಂಡಿ:
ದಾಳಿ ಮಾಡು. ಹಿಂದೆ ಸರಿ. ಲೆಕ್ಕಕ್ಕೆ ಬಿಟ್ಟುಬಿಡು.
ಕರೆದು ಕೇಳು ಎಂಬುದಿಲ್ಲ.
ಹುಡುಕಿದೆ, ಸೆಟ್ಟಿಂಗಿನಲ್ಲೂ.

ಡ್ರ್ಯಾಗನ್ನು ರೆಕ್ಕೆ ಬಡಿಯುತ್ತ ಅಪ್ಪಣೆಗೆ ಕಾದಿದೆ.
ಹನ್ನೆರಡೂಕಾಲರ ಗೂಡ್ಸು ಗೇಟು ದಾಟುವಾಗ
ಮಹಡಿ ನಡುಗಿ, ಮೇಜಿನ ಮೇಲಿನ ಪೆನ್ಸಿಲು ಉರುಳಿ
ನೆಲಕ್ಕೆ ಬಿತ್ತು.
ಬಗ್ಗಿ ಹುಡುಕುತ್ತಿದ್ದೇನೆ.